ಬರೀ 12 ಕಂತು ಸ್ವಾಮಿ!

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಬ್ರಿಟಿಷ್ ಟಿವಿ ಕಾರ್ಯಕ್ರಮಗಳ ಬಗ್ಗೆ ಅರ್ಧ ಪುಟ ಹಾಕಿದ್ದೀರಿ. ಸಂತೋಷ. ಆದರೆ ಅದರಲ್ಲಿ ‘ಫಾಲ್ಟಿ ಟವರ್ಸ್’ ಬಗ್ಗೆ ‘ವರ್ಷಾನುಗಟ್ಟಲೆ ಓಡಿದ ಹಾಸ್ಯ ಧಾರಾವಾಹಿ’ ಅಂತ ಬರೆದದ್ದು ನೋಡಿ ಕಾಫಿ ಲೋಟ ಕೆಳಗಿಟ್ಟೆ. ಅದು ಓಡಿದ್ದು 12 ಕಂತು. 1975ರಲ್ಲಿ ಆರು, 1979ರಲ್ಲಿ ಆರು. ಒಂದು ಮಧ್ಯಾಹ್ನ ಊಟ ಮುಗಿಸಿ ಕೂತರೆ ರಾತ್ರಿ ಊಟದ ಹೊತ್ತಿಗೆ ಇಡೀ ಧಾರಾವಾಹಿ ಮುಗಿದುಹೋಗುತ್ತದೆ. ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಬರುವ ಧಾರಾವಾಹಿಯಲ್ಲಿ ಒಂದು ಸೀಮಂತವೇ ಇದಕ್ಕಿಂತ ಜಾಸ್ತಿ ದಿನ ನಡೆದಿದೆ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಸರ್ಕಾರಿ ಕಚೇರಿಯಲ್ಲಿ 34 ವರ್ಷ ಕೆಲಸ ಮಾಡಿ, ಅಧೀಕ್ಷಕಿಯಾಗಿ ನಿವೃತ್ತಿಯಾದವಳು. ಯಾವ ಇಲಾಖೆ ಅಂತ ಕೇಳಬೇಡಿ, ಪಿಂಚಣಿ ಅಲ್ಲಿಂದಲೇ ಬರಬೇಕು. ನಿವೃತ್ತಿಯಾದ ವರ್ಷ ಮಗ ಒಂದು ಡಬ್ಬ ತುಂಬಾ ಬ್ರಿಟಿಷ್ ಕಾರ್ಯಕ್ರಮಗಳ ಡಿವಿಡಿ ತಂದುಕೊಟ್ಟ. ಅವರ ಇಂಗ್ಲಿಷ್ ಮೊದಮೊದಲು ಒಂದು ಸಾಲೂ ಹಿಡಿಯಲಿಲ್ಲ. ಕೆಳಗೆ ಅಕ್ಷರ ಬರುತ್ತದಲ್ಲ, ಅದನ್ನು ಓದಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದೆ. ನಮ್ಮನೆಯವರು ಪಕ್ಕದಲ್ಲಿ ಕೂತು ‘ಈಗ ಯಾಕೆ ನಕ್ಕಿದ್ದು’ ಅಂತ ಕೇಳುತ್ತಿದ್ದರು. ನಿಲ್ಲಿಸಿ ಅರ್ಥ ಹೇಳುವಷ್ಟರಲ್ಲಿ ನನ್ನ ನಗು ಆರಿಹೋಗುತ್ತಿತ್ತು, ಅವರದು ಶುರುವಾಗುತ್ತಿತ್ತು.

ಫಾಲ್ಟಿ ಟವರ್ಸ್ ಕಥೆ ಹುಟ್ಟಿದ್ದೇ ಒಂದು ಹೋಟೆಲಿನಲ್ಲಿ. 1970ರಲ್ಲಿ ಮಾಂಟಿ ಪೈಥಾನ್ ಅನ್ನುವ ಬ್ರಿಟಿಷ್ ಹಾಸ್ಯ ತಂಡದವರು ಚಿತ್ರೀಕರಣಕ್ಕೆ ಅಂತ ಟಾರ್ಕೀ ಅನ್ನುವ ಸಮುದ್ರದಂಡೆಯ ಊರಿಗೆ ಹೋಗಿ ಗ್ಲೆನೀಗಲ್ಸ್ ಹೋಟೆಲಿನಲ್ಲಿ ಇಳಿದುಕೊಂಡರು. ಅಲ್ಲಿನ ಮಾಲೀಕನಿಗೆ ಗಿರಾಕಿಗಳು ಅಂದರೇ ಆಗದು. ತಂಡದಲ್ಲಿದ್ದ ಅಮೆರಿಕದ ಟೆರಿ ಗಿಲಿಯಂ ಚಾಕು, ಫೋರ್ಕ್ ಹಿಡಿದ ರೀತಿ ನೋಡಿ ‘ನಮ್ಮ ದೇಶದಲ್ಲಿ ಹೀಗೆ ತಿನ್ನುವುದಿಲ್ಲ’ ಅಂತ ಅಂದನಂತೆ. ಅದೇ ತಂಡದ ಎರಿಕ್ ಐಡಲ್ ಅವರ ಬ್ಯಾಗಿನಲ್ಲಿ ಬಾಂಬ್ ಇರಬಹುದು ಅಂತ ಅದನ್ನು ಗೋಡೆಯಾಚೆ ಇಡಿಸಿದನಂತೆ. ಉಳಿದವರು ಸಾಕಪ್ಪಾ ಅಂತ ಬೇರೆ ಹೋಟೆಲಿಗೆ ಹೋದರು. ಜಾನ್ ಕ್ಲೀಸ್ ಮಾತ್ರ ಅಲ್ಲೇ ಉಳಿದರು, ಹೆಂಡತಿ ಕಾನಿ ಬೂತ್ ಕೂಡ ಬಂದು ಸೇರಿಕೊಂಡರು. ಗಂಡ ಹೆಂಡತಿ ಇಬ್ಬರೂ ಕೂತು ಬರೆದದ್ದು ಈ ಧಾರಾವಾಹಿ. ಎರಡನೇ ಸರಣಿ ಬರುವ ಹೊತ್ತಿಗೆ ಅವರಿಬ್ಬರಿಗೂ ವಿಚ್ಛೇದನ ಆಗಿತ್ತು. ಆದರೂ ಒಟ್ಟಿಗೆ ಬರೆದರು, ಒಟ್ಟಿಗೆ ನಟಿಸಿದರು. ಇದಕ್ಕೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ, ನಮ್ಮ ಕಡೆ ಆಗಿದ್ದರೆ ಎರಡು ಊರಿನ ಹಿರಿಯರು ಸೇರಬೇಕಾಗುತ್ತಿತ್ತು.

ನನಗೆ ಇಷ್ಟವಾದ ದೃಶ್ಯ ಎಲ್ಲರಿಗೂ ಇಷ್ಟವಾದದ್ದೇ. ಹೋಟೆಲ್ ಮಾಲೀಕ ಬೇಸಿಲ್ ಅರ್ಜೆಂಟಾಗಿ ಹೋಗುವಾಗ ಕಾರು ಕೆಟ್ಟು ನಿಲ್ಲುತ್ತದೆ. ಅವನು ಕಾರಿಗೆ ಎಚ್ಚರಿಕೆ ಕೊಡುತ್ತಾನೆ. ಎಣಿಸುತ್ತಾನೆ. ಕಾರು ಜಗ್ಗುವುದಿಲ್ಲ. ಸರಿ, ಓಡಿಹೋಗಿ ಮರದ ಕೊಂಬೆ ತಂದು ಕಾರಿಗೆ ರಪರಪ ಬಾರಿಸುತ್ತಾನೆ. ಇದನ್ನು ನೋಡಿ ನಮ್ಮನೆಯವರು ನಗಲೇ ಇಲ್ಲ. ಯಾಕೆ ಅಂದರೆ, ನಮ್ಮ ಹಳೇ ಸ್ಕೂಟರಿಗೆ ಅವರು ಕೊಡೆಯಿಂದ ಹೊಡೆದದ್ದನ್ನು ಇಡೀ ಕೇರಿ ನೋಡಿತ್ತು.

ಅದರಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಇಂಗ್ಲಿಷ್ ಬಾರದ ಸ್ಪೇನಿನ ಸಪ್ಲೈಯರ್ ಮ್ಯಾನುಯೆಲ್ ತಲೆಗೆ ಬೇಸಿಲ್ ಮಾತುಮಾತಿಗೂ ಮೊಟಕುವುದು ಈಗ ನೋಡಿದರೆ ಕಸಿವಿಸಿ ಆಗುತ್ತದೆ. ಆ ಪಾತ್ರ ಮಾಡಿದ ಆಂಡ್ರ್ಯೂ ಸ್ಯಾಕ್ಸ್ ಹುಟ್ಟಿದ್ದು ಬರ್ಲಿನ್‌ನಲ್ಲಿ. ತಂದೆ ಯಹೂದಿ. ನಾಜಿಗಳ ಕಾಟಕ್ಕೆ 1938ರಲ್ಲಿ ಮನೆಮಂದಿಯೆಲ್ಲ ಇಂಗ್ಲೆಂಡಿಗೆ ಬಂದವರು. ಭಾಷೆ ಬಾರದೆ ಪೇಚಾಡುವುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ ಅಂತ ನನ್ನ ಎಣಿಕೆ. ಒಂದು ತಮಾಷೆ ಕೇಳಿ, ಇದೇ ಧಾರಾವಾಹಿಯನ್ನು ಸ್ಪ್ಯಾನಿಷ್ ಭಾಷೆಗೆ ಡಬ್ ಮಾಡಿದಾಗ ಮ್ಯಾನುಯೆಲ್‌ನನ್ನು ಇಟಲಿಯವನನ್ನಾಗಿ ಮಾಡಿಬಿಟ್ಟರು. ದಡ್ಡ ಯಾವಾಗಲೂ ಪಕ್ಕದ ಊರಿನವನೇ ಆಗಬೇಕು, ಅಲ್ವಾ?

ಈಗ ನನ್ನ ಖಾಸಾ ವಿಷಯಕ್ಕೆ ಬರುತ್ತೇನೆ. ‘ಯೆಸ್ ಮಿನಿಸ್ಟರ್’. ನಿಮ್ಮವರು ಇದಕ್ಕೆ ಎರಡು ಸಾಲು ಕೊಟ್ಟಿದ್ದಾರೆ, ‘ರಾಜಕಾರಣಿಗಳ ವಿಡಂಬನೆ’ ಅಂತ. ಬರೆದವರು ಸರ್ಕಾರಿ ಕಚೇರಿಯಲ್ಲಿ ಒಂದು ದಿನವೂ ಕೂತಿಲ್ಲ ಅಂತ ಅಲ್ಲೇ ಗೊತ್ತಾಯಿತು. ಅದು ರಾಜಕಾರಣಿಯ ಕಥೆಯಲ್ಲ, ಕಡತದ ಕಥೆ. 1980ರಿಂದ 1984ರ ತನಕ ಬಂತು. ಆಮೇಲೆ ಅದೇ ಮಂತ್ರಿ ಪ್ರಧಾನಿಯಾಗಿ 1986ರಿಂದ 1988ರ ತನಕ ‘ಯೆಸ್, ಪ್ರೈಮ್ ಮಿನಿಸ್ಟರ್’. ಮಂತ್ರಿ ಜಿಮ್ ಹ್ಯಾಕರ್ ಏನಾದರೂ ಬದಲಾಯಿಸಬೇಕು ಅಂತ ಬರುತ್ತಾನೆ. ಇಲಾಖೆಯ ಕಾರ್ಯದರ್ಶಿ ಸರ್ ಹಂಫ್ರಿ ಒಂದಕ್ಕೂ ಇಲ್ಲ ಅನ್ನುವುದಿಲ್ಲ. ‘ಇದು ವಿವಾದಕ್ಕೆ ಎಡೆಮಾಡಬಹುದು’ ಅಂತ ಅಧಿಕಾರಿಗಳು ಅಂದರೆ ಓಟು ಹೋಗುತ್ತದೆ ಅಂತ ಅರ್ಥ. ‘ದಿಟ್ಟ ನಿರ್ಧಾರ ಸಾರ್’ ಅಂದರೆ ಚುನಾವಣೆಯೇ ಹೋಗುತ್ತದೆ ಅಂತ ಅರ್ಥ. ಆ ಎರಡನೇ ಮಾತು ಕೇಳಿದ ತಕ್ಷಣ ಹ್ಯಾಕರ್ ಮುಖ ನೋಡಬೇಕು ನೀವು.

ನಮ್ಮಲ್ಲಿ ಇದಕ್ಕೆ ಷರಾ ಅನ್ನುತ್ತೇವೆ. ‘ಚರ್ಚಿಸಿ’ ಅಂತ ಕಡತದ ಮೇಲೆ ಷರಾ ಬಂದರೆ ಸಾಹೇಬರು ಚರ್ಚಿಸುವುದಿಲ್ಲ ಅಂತ ಅರ್ಥ. ‘ನಿಯಮಾನುಸಾರ ಪರಿಶೀಲಿಸಿ ಮಂಡಿಸಿ’ ಅಂದರೆ ಇನ್ನು ಆರು ತಿಂಗಳು ನನ್ನ ಮೇಜಿಗೆ ತರಬೇಡ ಅಂತ. ಒಂದು ಸಲ ನನ್ನ ವಿಭಾಗದಿಂದ ಒಂದು ಅಲ್ಮೇರಾ ಕೊಳ್ಳಲು ಟಿಪ್ಪಣಿ ಕಳಿಸಿದ್ದೆ. ಕಡತ ಮೂರು ವರ್ಷ ಸುತ್ತಿ ವಾಪಸ್ ಬಂತು, ಅಷ್ಟು ಹೊತ್ತಿಗೆ ಅದು ಎಷ್ಟು ದಪ್ಪ ಆಗಿತ್ತು ಅಂದರೆ ಅದನ್ನಿಡಲು ಒಂದು ಅಲ್ಮೇರಾ ಬೇಕಾಗಿತ್ತು. ಹೀಗಿರುವಾಗ, ಅದರಲ್ಲಿ ಒಂದು ಕಂತಿನಲ್ಲಿ ಹೊಸ ಆಸ್ಪತ್ರೆ, ಐನೂರು ಮಂದಿ ಸಿಬ್ಬಂದಿ, ಒಬ್ಬ ರೋಗಿಯೂ ಇಲ್ಲ, ಆದರೆ ಆಸ್ಪತ್ರೆ ಬಹಳ ಚೆನ್ನಾಗಿ ನಡೆಯುತ್ತಿದೆ ಅಂತ ಹಂಫ್ರಿ ವಾದ ಮಾಡುವುದನ್ನು ನೋಡಿ ನನಗೆ ನಗುವ ಬದಲು ‘ಹೌದಲ್ವಾ, ಸರಿಯಾಗೇ ಹೇಳ್ತಿದ್ದಾನೆ’ ಅಂತ ಅನ್ನಿಸಿತು. 34 ವರ್ಷದ ಸರ್ವಿಸು ಸುಮ್ನೆ ಆಗುವುದಿಲ್ಲ.

ಬರೆದವರು ಆಂಟನಿ ಜೇ ಮತ್ತು ಜೊನಾಥನ್ ಲಿನ್. ಸರ್ಕಾರದ ಒಳಗೆ ಇದ್ದವರಿಂದಲೇ ಸುದ್ದಿ ಕೇಳಿ ಬರೆದರು. ಮಾರ್ಗರೆಟ್ ಥ್ಯಾಚರ್‌ಗೆ ಇದು ಎಷ್ಟು ಇಷ್ಟ ಅಂದರೆ, ಪ್ರಧಾನಿಯಾಗಿದ್ದಾಗಲೇ 1984ರಲ್ಲಿ ಈ ನಟರ ಜೊತೆ ವೇದಿಕೆ ಮೇಲೆ ಪುಟ್ಟ ಪ್ರಹಸನವೊಂದರಲ್ಲಿ ಪಾತ್ರ ಮಾಡಿದರು. ಹಿಂದಿಯಲ್ಲಿ ಫಾರೂಕ್ ಶೇಖ್ ಮಂತ್ರಿಯಾಗಿ ‘ಜೀ ಮಂತ್ರೀಜಿ’ ಅಂತ 2001ರಲ್ಲಿ ಬಂತು. ಪರವಾಗಿಲ್ಲ, ಆದರೆ ಮೂಲದಲ್ಲಿ ಹಂಫ್ರಿ ಪಾತ್ರ ಮಾಡಿದ ನೈಜೆಲ್ ಹಾಥಾರ್ನ್ ಒಂದೇ ಉಸಿರಿನಲ್ಲಿ ಅರ್ಧ ಪುಟದ ವಾಕ್ಯ ಹೇಳಿ, ಕೊನೆಗೆ ಏನೂ ಹೇಳದೆ ನಿಲ್ಲಿಸುತ್ತಾರಲ್ಲ, ಆ ಮಜಾ ಬೇರೆ.

‘ಕೀಪಿಂಗ್ ಅಪ್ ಅಪಿಯರೆನ್ಸಸ್’ ಬಗ್ಗೆ ಬರೆದರೆ ಮನೆಯಲ್ಲಿ ಜಗಳ ಆಗುತ್ತದೆ, ಆದರೂ ಬರೆಯುತ್ತೇನೆ. ಅದರ ನಾಯಕಿ ಹಯಸಿಂತ್. ಗಂಡನ ಮನೆತನದ ಹೆಸರು ಬಕೆಟ್. ಅದನ್ನು ‘ಬುಕೇ’ ಅಂತ ಹೇಳಬೇಕು, ಹೂಗುಚ್ಛ ಅನ್ನುವ ಹಾಗೆ. ಟಪಾಲಿನವನಿಗೂ ತಿದ್ದುತ್ತಾಳೆ. (ನಮ್ಮ ಕಚೇರಿಯಲ್ಲಿ ಬಕೆಟ್ ಅಂದರೆ ಬೇರೆಯೇ ಅರ್ಥ, ಹಿಡಿಯುವವರು ಬಹಳ ಮಂದಿ ಇದ್ದರು.) ಅವಳ ಮನೆಗೆ ಕಾಫಿಗೆ ಬರುವ ಪಕ್ಕದ ಮನೆಯಾಕೆಗೆ ಕಪ್ಪು ಎಲ್ಲಿ ಕೈಜಾರುತ್ತದೋ ಅಂತ ಹೆದರಿ ಹೆದರಿಯೇ ಕಾಫಿ ಚೆಲ್ಲುತ್ತದೆ. ನನ್ನ ಓರಗಿತ್ತಿ ಒಬ್ಬರಿದ್ದಾರೆ, ಅವರ ಮನೆ ಬೆಳ್ಳಿ ಲೋಟದಲ್ಲಿ ನಾನು ನೀರು ಕುಡಿಯುವುದೂ ಹೀಗೇ. ಅವರು ಈ ಪತ್ರಿಕೆ ತರಿಸುವುದಿಲ್ಲ, ಅದೇ ಧೈರ್ಯ.

ಮಿಸ್ಟರ್ ಬೀನ್ ಎಲ್ಲರಿಗೂ ಗೊತ್ತು, ಬಿಡಿ. ಪರದೇಶದವರು ಇಂಗ್ಲಿಷ್ ಕಲಿಯುವ ತರಗತಿಯ ಕಥೆ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಅನ್ನು ನೀವು ತುಂಬಾ ಹೊಗಳಿದ್ದೀರಿ, ನನಗೆ ಅಷ್ಟು ಹಿಡಿಸಲಿಲ್ಲ. ಸಿಖ್ಖ ಅಂದರೆ ಹೀಗೆ, ಜಪಾನಿ ಅಂದರೆ ಹೀಗೆ, ನಮ್ಮ ಹೆಂಗಸು ಅಂದರೆ ಸದಾ ಹೆಣಿಗೆ ಹೆಣೆಯುತ್ತಾಳೆ, ಒಂದೇ ಜೋಕು ಎಷ್ಟು ಸಲ ನೋಡುವುದು? ಅದಕ್ಕೆ ಉತ್ತರ ಬೇಕಾದರೆ ‘ಗುಡ್‌ನೆಸ್ ಗ್ರೇಶಿಯಸ್ ಮಿ’ ನೋಡಿ, 1998ರಲ್ಲಿ ಟಿವಿಗೆ ಬಂದದ್ದು. ಬ್ರಿಟನ್ನಿನಲ್ಲೇ ಬೆಳೆದ ಸಂಜೀವ್ ಭಾಸ್ಕರ್, ಮೀರಾ ಸಯಾಲ್ ಇವರೆಲ್ಲ ಸೇರಿ ಮಾಡಿದ್ದು. ಅದರಲ್ಲಿ ನಾಲ್ಕು ಜನ ಭಾರತೀಯರು ಕುಡಿದು ಗಲಾಟೆ ಮಾಡುತ್ತಾ ಇಂಗ್ಲಿಷ್ ಊಟದ ಹೋಟೆಲಿಗೆ ಹೋಗಿ, ಬಿಳಿಯ ಸಪ್ಲೈಯರ್ ಹೆಸರನ್ನು ಕುಲಗೆಡಿಸಿ, ‘ಇರೋದರಲ್ಲಿ ಅತೀ ಸಪ್ಪೆ ಯಾವುದೋ ಅದನ್ನ ಕೊಡು’ ಅನ್ನುವ ಹಾಗೆ ಆರ್ಡರ್ ಮಾಡುತ್ತಾರೆ. ಇಂಗ್ಲೆಂಡಿನ ಭಾರತೀಯ ಊಟದ ಹೋಟೆಲುಗಳಲ್ಲಿ ಶುಕ್ರವಾರ ರಾತ್ರಿ ಕುಡಿದು ಬಂದ ಬಿಳಿಯರು ಮಾಡುವುದನ್ನೇ ತಿರುಗಿಸಿ ಹಾಕಿದ್ದು.

ಇನ್ನು ವಿಜ್ಞಾನದ ಸರಣಿಗಳು. ಅವನ್ನು ನೀವು ಪಕ್ಕದಲ್ಲಿ ಸಣ್ಣ ಚೌಕ ಮಾಡಿ ‘ಮಕ್ಕಳಿಗೆ ಉಪಯುಕ್ತ’ ಅಂತ ಹಾಕಿದ್ದೀರಿ. ಅದಕ್ಕೇ ಈ ಕಾಗದ ಇಷ್ಟುದ್ದ ಆಗಿದ್ದು. ನನ್ನ ಲೆಕ್ಕದಲ್ಲಿ ಹಾಸ್ಯ, ವಿಜ್ಞಾನ ಎರಡೂ ಒಂದೇ ಒಲೆಯ ಅಡುಗೆ. ಬೇಸಿಲ್, ಹಂಫ್ರಿ, ಹಯಸಿಂತ್ ಎಲ್ಲರೂ ‘ನನಗೆ ಎಲ್ಲಾ ಗೊತ್ತು’ ಅನ್ನುವ ಗಿರಾಕಿಗಳು, ನಾವು ನಗುವುದೇ ಅದಕ್ಕೆ. ಆ ಕಡೆ ವಿಜ್ಞಾನದವರು ಕೋಟು ಹಾಕಿಕೊಂಡು ಬಂದು ‘ಇದು ಇನ್ನೂ ನಮಗೆ ಗೊತ್ತಿಲ್ಲ’ ಅಂತ ನೆಮ್ಮದಿಯಾಗಿ ಹೇಳುತ್ತಾರೆ.

ಬಿಬಿಸಿಯವರು ಎರಡನ್ನೂ ಒಮ್ಮೆ ಕಲಸಿಯೇಬಿಟ್ಟಿದ್ದರು. 1957ರ ಏಪ್ರಿಲ್ 1ರಂದು ‘ಪನೋರಮಾ’ ಅನ್ನುವ ಗಂಭೀರ ಸುದ್ದಿ ಕಾರ್ಯಕ್ರಮದಲ್ಲಿ ಸ್ವಿಟ್ಜರ್ಲೆಂಡಿನ ಹೆಂಗಸರು ಮರದಿಂದ ಸ್ಪಗೆಟಿ ಕೊಯ್ದು ಬಿಸಿಲಿಗೆ ಹರವುವುದನ್ನು ತೋರಿಸಿದರು. ನಮ್ಮ ಶಾವಿಗೆ ಮರದಲ್ಲಿ ಬಿಟ್ಟ ಹಾಗೆ! ದೇಶವೇ ನಂಬುವ ರಿಚರ್ಡ್ ಡಿಂಬಲ್ಬಿ ಧ್ವನಿ. ಆ ಕಾಲಕ್ಕೆ ಅಲ್ಲಿ ಸ್ಪಗೆಟಿ ಅಷ್ಟಾಗಿ ಗೊತ್ತಿರಲಿಲ್ಲ, ಬಹಳ ಜನ ಫೋನ್ ಮಾಡಿ ಆ ಗಿಡ ಬೆಳೆಸುವುದು ಹೇಗೆ ಅಂತ ಕೇಳಿದರು. ಒಂದು ಕಡ್ಡಿಯನ್ನು ಟೊಮೆಟೊ ಸಾಸ್ ಡಬ್ಬದಲ್ಲಿ ನೆಟ್ಟು ನೋಡಿ ಅಂತ ಬಿಬಿಸಿಯವರು ಹೇಳಿದರಂತೆ. ಅದೇ ತಿಂಗಳು ಶುರುವಾದದ್ದು ಪ್ಯಾಟ್ರಿಕ್ ಮೂರ್ ಅವರ ‘ದ ಸ್ಕೈ ಅಟ್ ನೈಟ್’, ರಾತ್ರಿ ಆಕಾಶದ ಬಗೆಗಿನ ಕಾರ್ಯಕ್ರಮ. ಆ ಮನುಷ್ಯ 2012ರಲ್ಲಿ ತೀರಿಕೊಳ್ಳುವ ತನಕ ನಡೆಸಿಕೊಟ್ಟರು. ಐವತ್ತೈದು ವರ್ಷದಲ್ಲಿ ತಪ್ಪಿದ್ದು ಒಂದೇ ಒಂದು ಸಲ, 2004ರಲ್ಲಿ, ಅದೂ ಕೆಟ್ಟ ಹೆಬ್ಬಾತಿನ ಮೊಟ್ಟೆ ತಿಂದು ಹೊಟ್ಟೆ ಕೆಟ್ಟದ್ದಕ್ಕೆ. ನಮ್ಮ ಕಚೇರಿಯ ಹಾಜರಿ ಪುಸ್ತಕ ನೋಡಿದವಳಿಗೆ ಇದು ಆಕಾಶಕ್ಕಿಂತ ದೊಡ್ಡ ಅದ್ಭುತ.

ಡೇವಿಡ್ ಆಟೆನ್‌ಬರೋ ವಿಷಯದಲ್ಲಿ ನಿಮ್ಮವರು ಒಂದು ಮುಖ್ಯ ಸಂಗತಿ ಬಿಟ್ಟಿದ್ದಾರೆ. ಅವರು ಪ್ರಾಣಿಗಳ ಜೊತೆ ಮಾತ್ರ ಇದ್ದವರಲ್ಲ, 1965ರಿಂದ ಕೆಲವು ವರ್ಷ ಬಿಬಿಸಿ 2 ವಾಹಿನಿಯ ಮುಖ್ಯಸ್ಥರಾಗಿದ್ದರು. 1967ರಲ್ಲಿ ಬ್ರಿಟನ್ನಿಗೆ ಕಲರ್ ಟಿವಿ ಬಂದದ್ದು ಅವರ ಕೈಕೆಳಗೆ. ಅಷ್ಟು ದೊಡ್ಡ ಕುರ್ಚಿಯನ್ನು ತಾವಾಗಿ ಬಿಟ್ಟು ಕ್ಯಾಮೆರಾ ಮುಂದೆ ಬಂದರು! (ನಾನು ಕಂಡಂತೆ ಕುರ್ಚಿ ಬಿಟ್ಟವರು ವರ್ಗಾವಣೆಯಾದವರು ಮಾತ್ರ.) 1979ರ ‘ಲೈಫ್ ಆನ್ ಅರ್ಥ್’ನಲ್ಲಿ ರುವಾಂಡದ ಕಾಡಿನಲ್ಲಿ ಹೆಬ್ಬೆರಳಿನ ಬಗ್ಗೆ ಏನೋ ಹೇಳಬೇಕು ಅಂತ ಹೋಗಿ ಕೂತರೆ, ಗೊರಿಲ್ಲಾ ಮರಿಗಳು ಬಂದು ಶೂ ಲೇಸ್ ಬಿಚ್ಚತೊಡಗಿದವು. ಹೇಳಬೇಕಾದ ಪಾಠ ಅಲ್ಲೇ ಉಳಿಯಿತು. ಅವರ ಮುಖದ ಸಂತೋಷ ನೋಡಿದರೆ ಪಾಠ ಯಾರಿಗೆ ಬೇಕು. ನಮ್ಮವರೇ ಆದ ಅಮೋಘವರ್ಷ, ಕಲ್ಯಾಣ್ ವರ್ಮ ಮಾಡಿದ ‘ವೈಲ್ಡ್ ಕರ್ನಾಟಕ’ಕ್ಕೆ ಧ್ವನಿ ಕೊಟ್ಟವರೂ ಇವರೇ. ಅದರ ಕನ್ನಡ ಅವತರಣಿಕೆಗೆ ರಿಷಬ್ ಶೆಟ್ಟಿ ಧ್ವನಿ. ಹಳೆಯ ಸರಣಿಗಳೂ ಹೀಗೆ ಕನ್ನಡದಲ್ಲಿ ಬಂದರೆ ನಾನು ರಿಮೋಟ್ ಹಿಡಿದು ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳುವುದು ತಪ್ಪುತ್ತದೆ.

ಒಂದು ದೃಶ್ಯದಲ್ಲಿ ಮಾತ್ರ ನಿಲ್ಲಿಸಲಿಲ್ಲ. 1973ರಲ್ಲಿ ಬಂದ ‘ದಿ ಅಸೆಂಟ್ ಆಫ್ ಮ್ಯಾನ್’, 13 ಕಂತು, ನಡೆಸಿಕೊಟ್ಟವರು ಜೇಕಬ್ ಬ್ರೊನೋವ್‌ಸ್ಕಿ. ಗಣಿತದವರು, ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಹನ್ನೊಂದನೇ ಕಂತಿನಲ್ಲಿ, ನಾಜಿಗಳು ಜನರನ್ನು ಕೂಡಿಹಾಕಿ ಕೊಂದ ಆಶ್ವಿಟ್ಜ್ ಶಿಬಿರದ ಒಂದು ಕೊಳದ ಹತ್ತಿರ ನಿಲ್ಲುತ್ತಾರೆ. ಕೊಂದು ಸುಟ್ಟ ಜನರ ಬೂದಿಯನ್ನು ಸುರಿದ ಕೊಳ ಅದು. ಅವರ ಬಂಧುಗಳು ಎಷ್ಟೋ ಜನ ಅಲ್ಲಿ ಸತ್ತವರು. ‘ನಾವೇ ಸರಿ’ ಅಂತ ನಂಬಿಕೊಂಡವರು ಮಾಡಿದ ಕೆಲಸ ಇದು ಅಂತ ಹೇಳುತ್ತಾ, ಹಳೇ ಕಾಲದಲ್ಲಿ ಇಂಗ್ಲೆಂಡನ್ನು ಆಳಿದ ಕ್ರಾಮ್‌ವೆಲ್ ಒಂದು ಪತ್ರದಲ್ಲಿ ಬೇಡಿಕೊಂಡದ್ದನ್ನು ನೆನಪಿಸುತ್ತಾರೆ, ನೀವು ತಪ್ಪಿರಲೂಬಹುದು ಅಂತ ಒಮ್ಮೆ ಯೋಚಿಸಿ ಅಂತ. ಆಮೇಲೆ ಸೂಟು ಬೂಟಿನಲ್ಲೇ ನೀರಿಗೆ ಇಳಿದು, ಬಗ್ಗಿ, ಒಂದು ಹಿಡಿ ಕೆಸರು ಎತ್ತುತ್ತಾರೆ.

ನಮ್ಮನೆಯವರು ಏನೂ ಕೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ‘ಬೂಟು ಬಿಚ್ಚಲೇ ಇಲ್ಲ ನೋಡು ಆತ’ ಅಂದರು.

ಇದನ್ನು ಚೌಕದಲ್ಲಿ ಹಾಕಿ ಮಕ್ಕಳಿಗೆ ಅಂದರೆ ಹೇಗೆ ಸ್ವಾಮಿ? ದೊಡ್ಡವರು ಯಾವಾಗ ನೋಡುವುದು? ಮೇಲೆ ಬರೆದದ್ದರಲ್ಲಿ ನನ್ನದೂ ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ, ಓರಗಿತ್ತಿಯ ವಿಷಯ ಸೇರಿಸಿ. ಆದರೆ ಫಾಲ್ಟಿ ಟವರ್ಸ್ 12 ಅಂದರೆ 12. ಈ ಕಾಗದ ಬರೆಯುವ ಮೊದಲು ಡಬ್ಬ ತೆಗೆದು ಎರಡು ಸಲ ಎಣಿಸಿದ್ದೇನೆ. ತಿದ್ದುಪಡಿ ಹಾಕಿ. ದಯವಿಟ್ಟು ಇದರ ಮೇಲೆ ‘ಪರಿಶೀಲಿಸಿ ಮಂಡಿಸಿ’ ಅಂತ ಮಾತ್ರ ಬರೆಯಬೇಡಿ.

ಇಂತಿ,
ನಿವೃತ್ತ ಅಧೀಕ್ಷಕಿ, ಹಾಸನ