ದಾಖಲೆಪಟ್ಟಿಗೆ ಹೆಗಲು ಕೊಟ್ಟ ಹಿರಿಯರಿಗೆ ಧನ್ಯವಾದಗಳು

ನಮ್ಮ ಸಂಗ್ರಹದ ಪಳೆಯುಳಿಕೆಗಳನ್ನು ಸಂಶೋಧನೆಗಾಗಿ ಹೊರದೇಶಕ್ಕೆ ಕಳುಹಿಸಲು ರಫ್ತು ಪರವಾನಗಿ ಬೇಕಾಗಿದ್ದ ಹೊತ್ತಿನಲ್ಲಿ, ತಮ್ಮ ಹೆಸರನ್ನು ಎಲ್ಲಿಯೂ ನಮೂದಿಸಬಾರದೆಂಬ ಒಂದೇ ಷರತ್ತಿನೊಡನೆ ದಾಖಲೆಪಟ್ಟಿಯ ಕೆಲಸಕ್ಕೆ ಹೆಗಲು ಕೊಟ್ಟ ತಮಗೆ ನಮ್ಮ ಹೃತ್ಪೂರ್ವಕ ಧನ್ಯವಾದಗಳು. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆಯನ್ನು ತಡೆಯಲೆಂದಿರುವ 1970ರ ಯುನೆಸ್ಕೊ ಒಪ್ಪಂದವು ಪಳೆಯುಳಿಕೆಗಳನ್ನೂ ಅಂಥ ಸ್ವತ್ತಿನ ವ್ಯಾಪ್ತಿಗೆ ತರುವುದರಿಂದ, ‘ಮೂಳೆಯ ಚೂರು, ಒಂದು’ ಎಂಬಂಥ ನಮೂದು ಪರಿಶೀಲಕರ ಮುಂದೆ ನಿಲ್ಲುವುದಿಲ್ಲವೆಂದು ತಾವು ಮೊದಲೇ ಎಚ್ಚರಿಸಿದಿರಿ. ಪ್ರತಿ ಮಾದರಿಯೂ ಸಿಕ್ಕ ಸ್ಥಳದ ಅಕ್ಷಾಂಶ-ರೇಖಾಂಶ, ಶಿಲಾಸ್ತರ, ಅಳತೆ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆದ ಛಾಯಾಚಿತ್ರ ಇವಿಷ್ಟನ್ನು ಸೇರಿಸಿದ್ದಲ್ಲದೆ, ಬಿರುಕುಗಳನ್ನೂ ಹಳೆಯ ಅಂಟಿನ ಗುರುತುಗಳನ್ನೂ ಬಿಡದೆ ಬರೆದಿರಿ. ವಸ್ತು ಮರಳಿ ಬಂದಾಗ ಹೋಲಿಸಿ ನೋಡಲು ಇದೇ ಆಧಾರ. ಮೂಳೆಯ ಮೇಲೆ ನೇರವಾಗಿ ಶಾಯಿ ತಾಗಿಸದೆ, ಅಧ್ಯಯನಕ್ಕೆ ಅಡ್ಡಿಯಾಗದ ಜಾಗವನ್ನು ಹುಡುಕಿ, ಪ್ಯಾರಲಾಯ್ಡ್ ಬಿ-72 ರಾಳದ ತೆಳುವಾದ ಲೇಪ ಹಚ್ಚಿ, ಅದು ಒಣಗಿದ ಮೇಲೆ ಸಂಖ್ಯೆ ಬರೆದು, ಮತ್ತೊಂದು ಲೇಪ ಕೊಡುತ್ತಿದ್ದ ತಮ್ಮ ತಾಳ್ಮೆಯನ್ನು ಕಂಡವರೇ ಬಲ್ಲರು. (ಆ ರಾಳ ಅಸಿಟೋನ್‌ನಲ್ಲಿ ಕರಗುತ್ತದೆ, ಹಾಗಾಗಿ ಬೇಕೆಂದಾಗ ಸಂಖ್ಯೆಯನ್ನು ತೆಗೆಯಲೂಬಹುದು.) ಸ್ಥಳದ ವಿವರವಿಲ್ಲದ ಮಾದರಿಗಳಿಗೆ ಊಹೆಯಿಂದ ಊರಿನ ಹೆಸರು ತುಂಬದೆ ‘ಮೂಲ ಅಜ್ಞಾತ’ ಎಂದೇ ಬರೆದು ಪಟ್ಟಿಯಿಂದ ಬೇರೆ ಇರಿಸಿದ್ದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಉಪಕಾರ. ಪರವಾನಗಿ ಈಗ ಕೈಸೇರಿದೆ; ಪಟ್ಟಿಯ ಒಂದು ಪ್ರತಿಯನ್ನು ತಮಗಾಗಿ ತೆಗೆದಿರಿಸಿದ್ದೇವೆ.