ಹಡಗು ಹತ್ತಿದ ಕಸ ಮರುಬಳಕೆ ಆದಂತಲ್ಲ: ಪರಿಸರ ಸಚಿವರಿಗೆ ಬಹಿರಂಗ ಪತ್ರ

ಪ್ಲಾಸ್ಟಿಕ್ ಒಪ್ಪಂದದ ಮಾತುಕತೆಗೆ ಕೂರುವ ಎಲ್ಲ ದೇಶಗಳ ಪರಿಸರ ಸಚಿವರೇ,

ನಮಸ್ಕಾರ. ಇಂಥದ್ದೊಂದು ಒಪ್ಪಂದ ಬೇಕೆಂದು 2022ರಲ್ಲಿ ನೈರೋಬಿಯಲ್ಲಿ ನಿಮ್ಮ ದೇಶಗಳು ತೀರ್ಮಾನಿಸಿದವು. 2024ರ ಕೊನೆಗೆ ದಕ್ಷಿಣ ಕೊರಿಯಾದ ಬುಸಾನ್‌ನ ಸಭೆಯಲ್ಲಿ ಅದು ಕೈಗೂಡಲಿಲ್ಲ. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲೂ ಅದೇ ಕಥೆ. ಪ್ಲಾಸ್ಟಿಕ್ ತಯಾರಿಕೆಗೇ ಮಿತಿ ಹಾಕಿ ಅಂತ ಹಲವರು, ಕಸ ನೋಡಿಕೊಂಡರೆ ಸಾಕು ಅಂತ ತೈಲ ಮಾರುವ ದೇಶಗಳು. ಈ ಜಗಳ ಬೇಗ ಮುಗಿಯುವಂತೆ ಕಾಣುತ್ತಿಲ್ಲ. ಅಲ್ಲಿಯವರೆಗೆ ಒಂದು ಕೆಲಸವನ್ನಾದರೂ ಮಾಡಿ: ಹೊರದೇಶಕ್ಕೆ ಕಳಿಸಿದ ಕಸವನ್ನು ಮರುಬಳಕೆಯ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

2018ರಲ್ಲಿ ಚೀನಾ ಪರದೇಶದ ಪ್ಲಾಸ್ಟಿಕ್ ಕಸ ಬೇಡ ಎಂದಿತು. ಕಸ ಕಡಿಮೆ ಆಯಿತೇ? ಮಲೇಷ್ಯಾ, ವಿಯೆಟ್ನಾಂ, ಥಾಯ್ಲೆಂಡ್ ಕಡೆ ತಿರುಗಿತು, ಅಷ್ಟೇ. ಬ್ರಿಟನ್‌ನಲ್ಲಂತೂ ರಫ್ತಾದ ಪ್ಯಾಕೇಜಿಂಗ್ ಕಸಕ್ಕೂ ಮರುಬಳಕೆಯ ದಾಖಲೆ ಪತ್ರ ಸಿಗುತ್ತದೆ. ಆಚೆ ದಡದಲ್ಲಿ ಅದು ಕರಗಿತೋ, ಬಯಲಲ್ಲಿ ಸುಟ್ಟುಹೋಯಿತೋ, ಯಾರು ಹೋಗಿ ನೋಡುತ್ತಾರೆ?

ಕೆನಡಾದ ಪ್ರಕರಣ ನಿಮಗೆ ನೆನಪಿರಬೇಕು. 2013-14ರಲ್ಲಿ ಅಲ್ಲಿಂದ ಫಿಲಿಪೈನ್ಸ್‌ಗೆ ಬಂದ ಕಂಟೈನರ್‌ಗಳ ಕಾಗದದಲ್ಲಿ ಮರುಬಳಕೆಗೆ ಪ್ಲಾಸ್ಟಿಕ್ ಎಂದಿತ್ತು. ತೆರೆದು ನೋಡಿದರೆ ಮನೆಕಸ, ಬಳಸಿ ಬಿಸಾಡಿದ ಡೈಪರ್‌ಗಳು! ಇದು ಖಾಸಗಿ ವ್ಯವಹಾರ ಅಂತ ಕೆನಡಾ ಸರ್ಕಾರ ಮೊದಲು ಜಾರಿಕೊಂಡಿತು. ಉಳಿದಿದ್ದ 69 ಕಂಟೈನರ್‌ಗಳು ವಾಪಸ್ ಹೊರಟಿದ್ದು 2019ರ ಮೇ ತಿಂಗಳಲ್ಲಿ. ಅಪಾಯಕಾರಿ ಕಸ, ಮನೆಕಸ ಗಡಿ ದಾಟುವುದಕ್ಕೆ ಕಡಿವಾಣ ಹಾಕುವ ಬಾಸೆಲ್ ಒಪ್ಪಂದ ಆಗಲೂ ಇತ್ತು, ಎರಡೂ ದೇಶಗಳು ಅದಕ್ಕೆ ಒಪ್ಪಿದ್ದವು. ಕಾನೂನು ಇತ್ತು ಅಂದಮಾತ್ರಕ್ಕೆ ಬಂದರಿನಲ್ಲಿ ಪೆಟ್ಟಿಗೆ ತೆರೆದು ನೋಡುವವರು ಇರುತ್ತಾರೆ ಅಂತೇನಿಲ್ಲ ಅಲ್ವಾ?

ಇದೇ ಬಾಸೆಲ್ ಒಪ್ಪಂದದ ಪ್ರಕಾರ 2021ರಿಂದ ಕೊಳಕು, ಬೆರಕೆ ಪ್ಲಾಸ್ಟಿಕ್ ಕಳಿಸಲು ತೆಗೆದುಕೊಳ್ಳುವ ದೇಶದ ಒಪ್ಪಿಗೆ ಮೊದಲೇ ಬೇಕು. ಒಳ್ಳೆಯ ನಿಯಮ. ಆದರೆ ಅಮೆರಿಕ ಇಂದಿಗೂ ಬಾಸೆಲ್‌ನ ಸದಸ್ಯ ಅಲ್ಲ. ಯುರೋಪಿಯನ್ ಒಕ್ಕೂಟ 2026ರ ನವೆಂಬರ್‌ನಿಂದ ಒಇಸಿಡಿಯ (ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಕೂಟ) ಹೊರಗಿನ ದೇಶಗಳಿಗೆ ಪ್ಲಾಸ್ಟಿಕ್ ಕಸ ಕಳಿಸುವುದಿಲ್ಲ ಎಂದಿದೆ. ಯುರೋಪಿನ ಕಸ ಹೋಗಿ ಬೀಳುವ ಟರ್ಕಿ ಒಇಸಿಡಿಯ ಒಳಗೇ ಇದೆ ಅನ್ನುವುದನ್ನು ಯಾರೂ ಜೋರಾಗಿ ಹೇಳುತ್ತಿಲ್ಲ.

ಇನ್ನು ದುಡ್ಡಿನ ಮಾತು. ತಯಾರಿಸಿದವರೇ ಪ್ಯಾಕೇಜಿಂಗ್ ಕಸದ ಖರ್ಚು ಹೊರಬೇಕು ಅಂತ ಜರ್ಮನಿ 1991ರಲ್ಲೇ ನಿಯಮ ಮಾಡಿತು. ಈಗ ಹಲವು ದೇಶಗಳಲ್ಲಿ ಅದೇ ದಾರಿ. ಆದರೆ ಆ ಶುಲ್ಕ ವಸೂಲಾಗುವುದು ವಸ್ತು ಮಾರಾಟವಾದ ದೇಶದಲ್ಲಿ. ಕಸ ಗಡಿ ದಾಟಿದ ಮೇಲೆ ಅದನ್ನು ಕೈಯಲ್ಲಿ ಆರಿಸುವವರು ಬೇರೆ ಕಡೆ. ಪ್ಲಾಸ್ಟಿಕ್, ಅಲ್ಯುಮಿನಿಯಂ ಪದರಗಳನ್ನು ಅಂಟಿಸಿದ ಚಿಪ್ಸ್ ಪೊಟ್ಟಣ ಸಿಕ್ಕರೆ ಅವರಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಅದನ್ನು ಸುಮ್ನೆ ಪಕ್ಕಕ್ಕೆ ಎಸೆಯುತ್ತಾರೆ. ಬಡ ದೇಶಗಳಿಗೆ ಕಠಿಣ ಕಾನೂನು ಮಾಡಿ ಅಂತ ಹೇಳುವ ಮೊದಲು ಶುಲ್ಕವೂ ಕಸದ ಜೊತೆ ಹೋಗುವಂತೆ ಮಾಡಿ.

ಮುಂದಿನ ಸಭೆಗೆ ಬರುವಾಗ ನಿಮ್ಮ ದೇಶದ ಮರುಬಳಕೆಯ ಅಂಕಿಯನ್ನು ಎರಡು ಕಾಲಂ ಮಾಡಿ ತನ್ನಿ: ನಮ್ಮಲ್ಲೇ ಕರಗಿಸಿದ್ದು ಎಷ್ಟು, ಹೊರಗೆ ಸಾಗಿಸಿದ್ದು ಎಷ್ಟು.

ಇಂತಿ,
ಕಸದ ಲೆಕ್ಕ ಕೇಳುವ ಒಬ್ಬ ಓದುಗ