ಟ್ರೈಲರ್‌ನಲ್ಲಿ ಮೊದಲು ಮಾತು ಕೇಳಿಸಲಿ

ಸಂಪಾದಕರಿಗೆ,

ಮಾನ್ಯರೇ,

ಕಾಲೇಜು ಹಬ್ಬಗಳ ಕಾಲ ಬಂತೆಂದರೆ ಮೈಸೂರು, ಮಂಡ್ಯದ ವಿದ್ಯಾರ್ಥಿಗಳ ಹಾಸ್ಯ ಕಿರುಚಿತ್ರದ ಟ್ರೈಲರ್‌ಗಳು ಒಂದರ ಹಿಂದೊಂದು ಮೊಬೈಲಿಗೆ ಬರುತ್ತವೆ. ಬರವಣಿಗೆ ಚೆನ್ನಾಗಿರುತ್ತದೆ, ಅಭಿನಯವೂ ಸಲೀಸು. ಆದರೂ ನಗು ಬರುವುದಿಲ್ಲ. ಹೆಚ್ಚಿನ ಸಲ ಕಾರಣ ಒಂದೇ: ಮಾತು ಕಿವಿಗೆ ಬೀಳುವುದಿಲ್ಲ. ನಮ್ಮ ಕಡೆಯ ಹಾಸ್ಯ ಇರುವುದೇ ಮಾತಿನ ಎಳೆತದಲ್ಲಿ. 'ಕಣ್ಲಾ' ಎನ್ನುವುದರ ಕೊನೆ ಫ್ಯಾನಿನ ಸದ್ದಿನಲ್ಲಿ ಕರಗಿದರೆ ಜೋಕೂ ಅಲ್ಲಿಗೇ ಮುಗಿಯಿತು. ದುಡ್ಡು ಕೂಡಿಸಿ ದೊಡ್ಡ ಕ್ಯಾಮೆರಾ ಬಾಡಿಗೆಗೆ ತರುವ ತಂಡಗಳು ಮೈಕಿಗೆ ಮಾತ್ರ ಕೈ ಬಿಗಿ ಹಿಡಿಯುವುದನ್ನು ಕಂಡರೆ ಸಂಕಟವಾಗುತ್ತದೆ.

ಎಂಟು ಅಡಿ ಆಚೆ ನಿಂತ ಕ್ಯಾಮೆರಾದ ಮೈಕಿಗೆ ಮಾತಿನ ಜೊತೆ ಗೋಡೆಯ ಮಾರ್ದನಿಯೂ ಸೇರುತ್ತದೆ. ಕಾಲರ್ ಮೈಕ್ ಇಲ್ಲವೆ? ಇನ್ನೊಂದು ಮೊಬೈಲಿಗೆ ವೈರಿನ ಇಯರ್‌ಫೋನ್ ಸಿಕ್ಕಿಸಿ, ಅದರ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಅಂಗಿಗೆ ಟೇಪ್ ಹಾಕಿ ಅಂಟಿಸಿ. ಟೇಪ್ ಸಡಿಲವಾದರೆ ಬಟ್ಟೆ ಉಜ್ಜುವ ಸದ್ದು ಸೇರಿಕೊಳ್ಳುತ್ತದೆ. ಮಾತನ್ನು ಆ ಮೊಬೈಲಿನಲ್ಲೇ ರೆಕಾರ್ಡ್ ಮಾಡಿ, ಅದು ಏರೋಪ್ಲೇನ್ ಮೋಡ್‌ನಲ್ಲಿರಲಿ. ಫ್ಯಾನ್, ಫ್ರಿಜ್ ಬಂದ್ ಮಾಡಿ, ನೆಲಕ್ಕೆ ಜಮಖಾನ ಹಾಸಿ, ನಟರ ಎದುರಿನ ಗೋಡೆಗೆ ಎರಡು ಕಂಬಳಿ ಇಳಿಬಿಡಿ. ಪ್ರತಿ ಟೇಕಿನ ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ತಟ್ಟಿದರೆ ಚಿತ್ರಕ್ಕೂ ಧ್ವನಿಗೂ ಗಂಟು ಹಾಕುವುದು ಸುಲಭ. ಟೇಕನ್ನು ಮೂರು ನಾಲ್ಕು ನಿಮಿಷ ದಾಟಿಸಬೇಡಿ, ಎರಡು ಯಂತ್ರಗಳ ಗಡಿಯಾರ ನಿಧಾನಕ್ಕೆ ಹಿಂದೆ ಮುಂದೆ ಆಗಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಮೊಬೈಲ್ ವಿಡಿಯೊದ ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ ಎನ್ನುವ ಲೆಕ್ಕ) ತಾನೇ ಏರಿಳಿಯುವುದರಿಂದಲೂ ಇದೇ ತೊಂದರೆ. ಎಡಿಟಿಂಗ್‌ಗೆ ಮೊದಲು ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಸ್ಥಿರ ದರಕ್ಕೆ ಬದಲಿಸಿಕೊಳ್ಳಿ. ಜಾಗ ಬಿಡುವ ಮುನ್ನ ಎಲ್ಲರೂ ಸುಮ್ಮನೆ ನಿಂತು 30 ಸೆಕೆಂಡು ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿ. ಮಾತು ಕತ್ತರಿಸಿದ ಕಡೆ ತೇಪೆಗೆ ಅದೇ ಬೇಕು.

ಬೆಳಕಿನ ಬಗ್ಗೆ ಒಂದೇ ಮಾತು. ನಮ್ಮ ವಿದ್ಯುತ್ 50 ಹರ್ಟ್ಜ್‌ನದು. ಹಾಸ್ಟೆಲಿನ ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಪಟ್ಟೆಯಾಗಿ ಮಿನುಗಿದರೆ ಫ್ರೇಮ್ ದರ 25, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಎಂದು ಕೈಯಾರೆ ಹೊಂದಿಸಿ.

ಇನ್ನು ಕತ್ತರಿಯ ಕೆಲಸ. ಒಂದು ಸನ್ನಿವೇಶ ಹೀಗಿದೆ ಎಂದುಕೊಳ್ಳಿ. ಪಾಂಡವಪುರದಿಂದ ಮಗನ ರೂಮಿಗೆ ಬಂದ ಅಪ್ಪ, ಮೇಜಿನ ಮೇಲಿನ ದಪ್ಪ ಪುಸ್ತಕ ನೋಡಿ 'ಇದ್ನ ಓದುದ್ಯೇನ್ಲಾ?' ಎನ್ನುತ್ತಾನೆ. 'ಎರಡ್ ಸಲ ಓದ್ದೆ ಕಣಪ್ಪ.' ಅಪ್ಪ ಪುಸ್ತಕ ಎತ್ತಿಕೊಂಡರೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಹಾಗೇ ಇದೆ. ಇಲ್ಲಿ ನಗು ಹುಟ್ಟುವುದು ಹೊದಿಕೆ ಕಂಡಾಗ ಅಲ್ಲವೇ ಅಲ್ಲ, ಅದಾದ ಮೇಲೆ ಅಪ್ಪನ ಮುಖ ಕಂಡಾಗ. ಹೊದಿಕೆಗೆ 20 ಫ್ರೇಮ್ ಸಾಕು, ಮುಖಕ್ಕೆ ಪೂರ್ತಿ ಒಂದು ಸೆಕೆಂಡು ಕೊಡಿ, ಆ ಒಂದು ಸೆಕೆಂಡು ಸಂಗೀತ ನಿಲ್ಲಲಿ. ಅಪ್ಪ ಬಾಯಿ ತೆರೆದ ತಕ್ಷಣ ಕಟ್. ಅವನು ಏನಂದ ಎನ್ನುವುದು ಸಿನಿಮಾದಲ್ಲೇ ಗೊತ್ತಾಗಲಿ. ಹದಿನೈದು ನಿಮಿಷದ ಚಿತ್ರಕ್ಕೆ 60ರಿಂದ 75 ಸೆಕೆಂಡಿನ ಟ್ರೈಲರ್, ಅದರಲ್ಲಿ ಇಂಥ ಮೂರು ತುಣುಕು ಧಾರಾಳವಾಯಿತು. ಹಿಂದಿನ ಕಥೆ ತಿಳಿಯದವನಿಗೂ ಅರ್ಥವಾಗುವ ಜೋಕನ್ನೇ ಆರಿಸಬೇಕು. ತಂಡದವರೇ ಬಿದ್ದು ಬಿದ್ದು ನಗುವ ಒಳಗಿನ ಜೋಕು ಹೊರಗಿನವರಿಗೆ ಸಪ್ಪೆ.

ಸಭಾಂಗಣಕ್ಕೊಂದು, ಮೊಬೈಲಿಗೊಂದು ಎಂದು ಎರಡು ಪ್ರತಿ ಮಾಡುವುದು ಒಳ್ಳೆಯದು. ಇನ್ನೂರು ಜನ ಕೂಡಿ ನಕ್ಕರೆ ಎರಡು ಮೂರು ಸೆಕೆಂಡು ಮುಂದಿನ ಮಾತು ಮುಳುಗುತ್ತದೆ, ಅಲ್ಲಿ ಜಾಗ ಬಿಡಬೇಕು. ಒಬ್ಬನೇ ಬಸ್ಸಿನಲ್ಲಿ ಕೂತು ನೋಡುವಾಗ ಅದೇ ಜಾಗ ಜೋಲು ಬೀಳುತ್ತದೆ. ಮೊಬೈಲಿನ ಲಂಬ ಪ್ರತಿಯನ್ನು (1080×1920) ಅಡ್ಡ ಚಿತ್ರದಿಂದ ಕತ್ತರಿಸಿದರೆ ಮಾತಾಡುವವನ ಅರ್ಧ ಮುಖ ಹೋಗಿರುತ್ತದೆ. ಶೂಟಿಂಗ್ ದಿನವೇ ಎರಡು ಮುಖ್ಯ ಶಾಟನ್ನು ಮೊಬೈಲ್ ನೆಟ್ಟಗೆ ಹಿಡಿದು ಬೇರೆಯಾಗಿ ತೆಗೆದಿಡಿ.

ಸಿನಿಮಾ ಹಾಡು, ಹಳೆಯ ಹಾಸ್ಯನಟರ ಡೈಲಾಗ್ ತುಣುಕು ಹಾಕಿದರೆ ಯೂಟ್ಯೂಬಿನ ಸ್ವಯಂಚಾಲಿತ ವ್ಯವಸ್ಥೆ ಹಿಡಿದು, ಹಕ್ಕುದಾರರು ಬಯಸಿದಂತೆ ವಿಡಿಯೊವನ್ನೇ ತಡೆಯಬಹುದು. ಪ್ರದರ್ಶನಕ್ಕೆ ಎರಡು ದಿನ ಇರುವಾಗ ಹೀಗಾದರೆ ಯಾರ ಕೈಯಲ್ಲೂ ಏನೂ ಆಗದು. ಜಾನಪದ ಹಾಡು ಎಲ್ಲರದು, ಆದರೆ ಕ್ಯಾಸೆಟ್ ಕಂಪನಿಯ ಧ್ವನಿಮುದ್ರಣ ಎಲ್ಲರದಲ್ಲ. ತಮಟೆ ಬಲ್ಲ ಗೆಳೆಯನೊಬ್ಬ ಹತ್ತು ನಿಮಿಷ ಬಾರಿಸಿಕೊಟ್ಟರೆ ಇಡೀ ಟ್ರೈಲರ್‌ಗೆ ಸಾಲುತ್ತದೆ. ಸಂಗೀತ ಮಾತಿಗಿಂತ 15ರಿಂದ 20 ಡೆಸಿಬೆಲ್ ಕೆಳಗಿರಲಿ. ಕೊನೆಗೆ ಹೆಡ್‌ಫೋನ್ ತೆಗೆದು ಮೊಬೈಲಿನ ಚಿಕ್ಕ ಸ್ಪೀಕರಿನಲ್ಲಿ, ಕ್ಯಾಂಟೀನಿನ ಗದ್ದಲದಲ್ಲಿ ಕೇಳಿ ನೋಡಿ.

ಮೊಬೈಲಿನ ಸದ್ದು ಬಂದ್ ಮಾಡಿ ನೋಡುವವರೇ ಬಹಳ, ಹಾಗಾಗಿ ಅಡಿಬರಹ ಬೇಕೇ ಬೇಕು. ಅದನ್ನು ಆಡಿದ ಮಾತಿನಲ್ಲೇ ಬರೆಯಿರಿ. 'ಓದುದ್ಯೇನ್ಲಾ' ಎಂದದ್ದನ್ನು 'ಓದಿದೆಯೇನೋ' ಎಂದು ತಿದ್ದಿದರೆ ಮಂಡ್ಯ ಮಾಯವಾಗುತ್ತದೆ. ಅಡೋಬಿ ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಒತ್ತಕ್ಷರ ಚೂರುಚೂರಾದರೆ, ಗ್ರಾಫಿಕ್ಸ್ ಆಯ್ಕೆಯಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಪಠ್ಯ ವ್ಯವಸ್ಥೆಗೆ ಬದಲಿಸಿ ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ.

ಪ್ರಚಾರದಲ್ಲಿ ಪದೇ ಪದೇ ಆಗುವ ತಪ್ಪು, ಟ್ರೈಲರ್‌ನಲ್ಲಿ ಪ್ರದರ್ಶನದ ದಿನಾಂಕವೇ ಇಲ್ಲದಿರುವುದು. ಕೊನೆಯ ಫಲಕ ನಾಲ್ಕು ಸೆಕೆಂಡು ನಿಲ್ಲಲಿ: ಹೆಸರು, ದಿನ, ಹೊತ್ತು, ಜಾಗ. ಹತ್ತು ದಿನ ಮೊದಲು ಬಿಟ್ಟರೆ ಸರಿ, ತಿಂಗಳ ಮೊದಲು ಬಿಟ್ಟರೆ ಮರೆತೇ ಹೋಗುತ್ತದೆ, ಇಂಟರ್ನಲ್ ಪರೀಕ್ಷೆಯ ವಾರದಲ್ಲಂತೂ ಬೇಡ. ವಾಟ್ಸ್ಆಪ್‌ನಲ್ಲಿ ವಿಡಿಯೊ ಕುಗ್ಗಿ ಮಸುಕಾಗುವುದರಿಂದ ಲಿಂಕ್ ಕಳಿಸಿ. ಬಿಡುವ ಮುನ್ನ ಬೇರೆ ವಿಭಾಗದ ಐದು ಜನಕ್ಕೆ ತೋರಿಸಿ, ನೀವು ಏನೂ ಹೇಳದೆ ಅವರ ಮುಖ ನೋಡುತ್ತ ಕೂತುಕೊಳ್ಳಿ.

ಕಾಲೇಜಿನ ಪ್ರಾಂಶುಪಾಲರಲ್ಲಿ ಒಂದು ವಿನಂತಿ: ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಾಲ ರಸ್ತೆಯಿಂದ ದೂರದ ಒಂದು ಕೊಠಡಿಯ ಬೀಗದ ಕೈ ಈ ಮಕ್ಕಳಿಗೆ ಕೊಡಿ. ತಮ್ಮಲ್ಲಿ ಇನ್ನೊಂದು: 'ನಗರದಲ್ಲಿ ಇಂದು' ಅಂಕಣದಲ್ಲಿ ವಿದ್ಯಾರ್ಥಿ ಚಿತ್ರಗಳ ಪ್ರದರ್ಶನಕ್ಕೂ ಎರಡು ಸಾಲು ಜಾಗ ಸಿಗಲಿ. ವಿವರವನ್ನು ಎರಡು ದಿನ ಮೊದಲೇ ಕಚೇರಿಗೆ ತಲುಪಿಸುವುದು ವಿದ್ಯಾರ್ಥಿಗಳ ಹೊಣೆ.

— ಕಿರುಚಿತ್ರ ಸಂಕಲನ, ಧ್ವನಿಗ್ರಹಣ ಕಲಿಸುವ ಇಬ್ಬರು, ಸರಸ್ವತಿಪುರಂ, ಮೈಸೂರು